ಬೀಗರ ಡಬ್ಬಿ

ರಾಯಚೂರಿನ ತೀನ್ ಕಂದೀಲ್ ವೃತ್ತದಿಂದ ಒಳಕ್ಕೆ ತಿರುಗುವ ಒಂದು ಸಂದಿಯಲ್ಲಿ ವಿರೂಪಣ್ಣನ ಲಗ್ನಪತ್ರಿಕೆ ಅಂಗಡಿ ಇದೆ. ಹರೆಯದಲ್ಲಿ ಬಾಗಲವಾಡದಿಂದ ಇಲ್ಲಿಗೆ ಬರುವಾಗ ಅವನು ತಂದದ್ದು ಒಂದು ಕಬ್ಬಿಣದ ಟ್ರಂಕು ಮತ್ತು ತನ್ನ ಬಗ್ಗೆ ತನಗೇ ಇದ್ದ ಒಳ್ಳೆಯ ಅಭಿಪ್ರಾಯ. ಟ್ರಂಕಿಗೆ ಎಂದೋ ತುಕ್ಕು ಹಿಡಿಯಿತು. ಅಭಿಪ್ರಾಯ ಮಾತ್ರ ಇಂದಿಗೂ ಫಳಫಳ ಹೊಳೆಯುತ್ತಿದೆ, ದಿನಾ ಅವನೇ ಉಜ್ಜುತ್ತಾನಲ್ಲ.

ಹಣೆಯ ವಿಭೂತಿಯ ಮೂರು ಪಟ್ಟೆಗಳನ್ನು ಅವನು ಅಳತೆಪಟ್ಟಿ ಇಟ್ಟ ಹಾಗೆ ನೆಟ್ಟಗೆ ಎಳೆದುಕೊಳ್ಳುತ್ತಾನೆ. ಅವನಲ್ಲಿ ನೆಟ್ಟಗಿರುವುದು ಅಲ್ಲಿಗೆ ಮುಗಿಯಿತು. ಸಂದಿಯಲ್ಲಿ ಹಾದುಹೋಗುವವರನ್ನು ನಿಲ್ಲಿಸಿ ಬುದ್ಧಿ ಹೇಳುವುದು ಅವನ ಉಪಕಸುಬು. ಬಾಳೆಹಣ್ಣಿನ ಸಿಪ್ಪೆ ಎಸೆದವನಿಗೆ ಬುದ್ಧಿ, ಗೋಡೆಗೆ ಉಗುಳಿದವನಿಗೆ ಬುದ್ಧಿ, ಏನೂ ಮಾಡದೆ ಸುಮ್ಮನೆ ನಿಂತವನಿಗೆ ಸುಮ್ಮನೆ ನಿಂತದ್ದಕ್ಕೆ ಬುದ್ಧಿ. ಹೀಗೆ ಹಂಚಿ ಹಂಚಿ ಸ್ವಂತಕ್ಕೆ ಏನೂ ಉಳಿದಿರಲಿಲ್ಲ.

ಕಸುಬು ಎಂದ ಮೇಲೆ ಅದರಲ್ಲಿ ಒಂದಿಷ್ಟು ಕಸ ಇದ್ದೇ ಇರುತ್ತದೆ. ವಿರೂಪಣ್ಣನ ಕಸುಬಿನಲ್ಲಿ ಅದು ಧಾರಾಳ. ಕತ್ತರಿಸಿದ ಅಂಚುಗಳು, ಚಿನ್ನದ ಬಣ್ಣದ ಅಂಟುಹಾಳೆ ಸುಲಿದ ಮೇಲೆ ಉಳಿಯುವ ಪ್ಲಾಸ್ಟಿಕ್ಕು, ಎಲ್ಲಕ್ಕಿಂತ ಹೆಚ್ಚಾಗಿ ಕೆಟ್ಟ ಪತ್ರಿಕೆಗಳು. ಮುಹೂರ್ತ ಬದಲಾಯಿತೆಂದು ಕೆಟ್ಟವು, ದೊಡ್ಡಪ್ಪನ ಹೆಸರು ಬಿಟ್ಟುಹೋಯಿತೆಂದು ಕೆಟ್ಟವು, ಬಣ್ಣ ಹರಡಿ ವರನಿಗೆ ಮೀಸೆಯ ಕೆಳಗೊಂದು ಮೀಸೆ ಬಂದು ಕೆಟ್ಟವು.

ಅಂಗಡಿಗಳ ಕಸ ಒಯ್ಯಲು ಪಾಲಿಕೆಯ ಗಾಡಿ ಬರುತ್ತದೆ. ಅದಕ್ಕೆ ತಿಂಗಳಿಗಿಷ್ಟು ಎಂದು ಶುಲ್ಕ ಇದೆ. ಸಂದಿಯ ಎಲ್ಲರೂ ಕಟ್ಟುತ್ತಾರೆ. “ಹುಟ್ಟಿಸೂದಕ್ಕ ತೆರಿಗಿ ಕೊಡ್ತೀವಿ, ಸಾಯಿಸೂದಕ್ಕೂ ಕೊಡಬೇಕೇನು?” ಎಂದು ವಿರೂಪಣ್ಣ ಕೇಳಿದ. ಗಾಡಿಯವರಿಗೆ ಅರ್ಥವಾಗಲಿಲ್ಲ. ಅರ್ಥವಿರಲೂ ಇಲ್ಲ. ಅವರು ಮುಂದಿನ ಅಂಗಡಿಗೆ ಹೋದರು.

ಮೊದಲು ಅವನು ಹಿತ್ತಿಲಲ್ಲಿ ಸುಡುತ್ತಿದ್ದ. ಹಿತ್ತಿಲಿನ ಗೋಡೆಯಾಚೆ ವಲಿ ಪಾಷಾನ ಗಾದಿ ಅಂಗಡಿ, ಅದರ ತುಂಬ ಹತ್ತಿ. ಒಂದು ದಿನ ವಲಿ ಪಾಷಾ ಬಂದು ಬಾಗಿಲಲ್ಲಿ ನಿಂತು, ಹೂವಿನಂಥ ದನಿಯಲ್ಲಿ, “ಅಣ್ಣಾ, ನಿಮ್ಮ ಕಾರ್ಡಿನ ಒಂದು ಕಿಡಿ ನನ್ನ ಹತ್ತ್ಯಾಗ ಬಿದ್ದರ, ನಮ್ಮಿಬ್ಬರ ಬರಾತಿನ ಮೆರವಣಿಗೀನೂ ಒಂದೇ ದಿನ ಹೊಂಡ್ತದ ನೋಡ್ರಿ,” ಎಂದ. ಅಂದಿನಿಂದ ಸುಡುವುದು ನಿಂತಿತು. ಕಸ ನಿಲ್ಲಲಿಲ್ಲ.

ಇಲ್ಲಿ ವಿರೂಪಣ್ಣನ ಭಕ್ತಿಯ ವಿಚಾರ ಹೇಳಬೇಕು. ಲಗ್ನಪತ್ರಿಕೆ ಎಂದರೆ ನೆತ್ತಿಯ ಮೇಲೆ ಒಬ್ಬ ದೇವರು ಇರಲೇಬೇಕು. ಗಣಪತಿ, ವೀರಭದ್ರ, ಮನೆದೇವರು, ಕೆಲವರಿಗೆ ಮೂವರೂ. ದೇವರಿರುವ ಕಾಗದವನ್ನು ಕಸಕ್ಕೆ ಹಾಕುವುದುಂಟೆ? ಶಾಂತಂ ಪಾಪಂ. ಅದಕ್ಕೇ ಅಂಗಡಿಯಲ್ಲಿ ಪತ್ರಿಕೆ ಮಡಚಿ ಅಂಟಿಸುವ ದುರ್ಗಾ ಎಂಬ ಹೆಣ್ಣುಮಗಳಿಗೆ ಇನ್ನೊಂದು ಕೆಲಸವೂ ಇತ್ತು. ಕೆಟ್ಟ ಪತ್ರಿಕೆಗಳಿಂದ ದೇವರ ಚಿತ್ರವನ್ನು ಚೌಕವಾಗಿ ಕತ್ತರಿಸಿ ತೆಗೆದು ಮಿಠಾಯಿ ಡಬ್ಬಿಯಲ್ಲಿ ಇಡಬೇಕು. ಡಬ್ಬಿ ತುಂಬಿದಾಗ ವಿರೂಪಣ್ಣ ಅದನ್ನು ಒಯ್ದು ಕೃಷ್ಣಾ ಹೊಳೆಗೆ ಬಿಟ್ಟು, ಕೈಮುಗಿದು ಬರುತ್ತಿದ್ದ. ಹೊಳೆಯೂ ಬೇರೆಯವರ ಡಬ್ಬಿಯೇ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಹೀಗೆ ನೆತ್ತಿಯಲ್ಲಿ ಚೌಕ ಕಿಟಕಿ ಬಿದ್ದ ಪತ್ರಿಕೆಗಳು, ವಧೂವರರ ಹೆಸರಿನ ಸಮೇತ, ಚೀಲ ಸೇರುತ್ತಿದ್ದವು. ಚೀಲ ಎಲ್ಲಿ ಸೇರಬೇಕು ಎಂಬುದೇ ಪ್ರಶ್ನೆಯಾಗಿದ್ದಾಗ ಮಗ ಶಿವರಾಜನಿಗೆ ದೇವದುರ್ಗದಿಂದ ಒಂದು ಸಂಬಂಧ ಬಂತು.

ಹೆಣ್ಣಿನ ತಾಯಿ ಶರಣಮ್ಮ. ಗಂಡ ತೀರಿಕೊಂಡ ಮೇಲೆ ದೇವದುರ್ಗದ ರೈಸ್ ಮಿಲ್ಲನ್ನು ತಾನೇ ನಡೆಸಿ, ಗಂಡನ ಕಾಲಕ್ಕಿಂತ ಚೆನ್ನಾಗಿ ನಡೆಸಿ, ಆ ಗಳಿಕೆಯಲ್ಲಿ ರಾಯಚೂರಿನ ಮಾನವಿ ರಸ್ತೆಯಲ್ಲಿ ಒಂದು ಫಂಕ್ಷನ್ ಹಾಲ್ ಕಟ್ಟಿಸಿದಾಕೆ. ಒಬ್ಬಳೇ ಮಗಳು, ವಿಜಯಲಕ್ಷ್ಮಿ. ಮಾತುಕತೆ ಹೆಚ್ಚುಕಡಿಮೆ ಕುದುರಿ, ತಾಂಬೂಲ ಬದಲಾಯಿಸುವುದೊಂದು ಉಳಿದಿತ್ತು. “ಹಿರಿಯರನ್ನ ಕೇಳಿ ದಿನಾ ಹೇಳ್ತೀನ್ರಿ,” ಎಂದಿದ್ದಳು ಶರಣಮ್ಮ. ವಿರೂಪಣ್ಣ ಆ ದಿನಕ್ಕಾಗಿ ಬಾಯಿ ಬಿಟ್ಟುಕೊಂಡು ಕುಳಿತಿದ್ದ. ಹೆಣ್ಣು ನೋಡಲು ಹೋದಾಗ ಅವನು ಹೆಣ್ಣಿನ ಮುಖ ಸರಿಯಾಗಿ ನೋಡಿರಲಿಲ್ಲ. ಹಾಲ್‌ನ ಪಾರ್ಕಿಂಗ್ ಜಾಗವನ್ನು ಎರಡು ಸಲ ನೋಡಿದ್ದ. ಪತ್ರಿಕೆ ತನ್ನದು, ಮಂಟಪವೂ ತನ್ನದಾದರೆ ಜಿಲ್ಲೆಯಲ್ಲಿ ಯಾರೂ ತನ್ನನ್ನು ದಾಟಿ ಮದುವೆಯಾಗುವಂತಿಲ್ಲ ಎಂಬ ಯೋಚನೆಗೇ ಅವನ ಮೈ ಜುಮ್ಮೆನ್ನುತ್ತಿತ್ತು. ಈ ಸಂಬಂಧವೊಂದು ಕೈತಪ್ಪಿದರೆ ಉಳಿದ ಬದುಕೆಲ್ಲ ಕಾರ್ಡು ಮಡಚುವುದೇ.

ಆ ಪಾರ್ಕಿಂಗಿನ ಹಿಂದೆ, ಅಡುಗೆಮನೆಯ ಬದಿಗೆ, ಹಸಿರು ಬಣ್ಣದ ದೊಡ್ಡ ಕಬ್ಬಿಣದ ಕಸದ ಡಬ್ಬಿ ಇತ್ತು. ಡಬ್ಬಿ ಅಂದರೆ ಒಂದು ಎಮ್ಮೆ ಆರಾಮಾಗಿ ಮಲಗುವಷ್ಟು. ಶರಣಮ್ಮ ಬಾಡಿಗೆಗೆ ತರಿಸಿದ್ದು. ಊಟದ ಹಸಿ ಕಸ ಮಾತ್ರ ಅದಕ್ಕೆ, ಪಾಲಿಕೆಯವರು ಅದನ್ನು ಒಯ್ದು ಗೊಬ್ಬರ ಮಾಡುತ್ತಾರೆ. ‘ಹಾಲ್‌ನ ಹಸಿ ಕಸಕ್ಕೆ ಮಾತ್ರ’ ಎಂದು ಮೈಮೇಲೆ ಬರೆದಿತ್ತು. ವಿರೂಪಣ್ಣ ಓದಿದ. ಅಚ್ಚಿನ ಕೆಲಸದವನು, ಅಕ್ಷರಗಳ ಅಂತರ ಸರಿಯಿಲ್ಲ ಎಂದುಕೊಂಡ. ಅರ್ಥದ ಕಡೆ ಗಮನ ಹೋಗಲಿಲ್ಲ. ಡಬ್ಬಿಗೆ ಬೀಗ ಇರಲಿಲ್ಲ. ಬೀಗವಿಲ್ಲದ ಡಬ್ಬಿ, ನಾಳೆ ಬೀಗರಾಗುವವರದು. ಅವರದೆಲ್ಲ ನಮ್ಮದೇ ಆಗುವಾಗ ಡಬ್ಬಿಯಿಂದಲೇ ಶುರುಮಾಡಿದರೆ ತಪ್ಪೇನು ಎಂದು ಅವನ ಅಂತರಾತ್ಮ ಕೇಳಿತು. ಅವನ ಅಂತರಾತ್ಮ ಯಾವಾಗಲೂ ಅವನ ಅನುಕೂಲ ನೋಡಿಕೊಂಡೇ ಬಾಯಿ ತೆರೆಯುವಂಥದ್ದು.

ಕೆಲಸದ ರೀತಿ ಬಹಳ ಸೊಗಸಾಗಿತ್ತು. ಹಾಲ್‌ನಲ್ಲಿ ಯಾವ ದಿನ ಯಾರ ಮದುವೆ ಎಂಬುದು ಪತ್ರಿಕೆ ಅಚ್ಚುಹಾಕಿದವನಿಗಲ್ಲದೆ ಇನ್ನಾರಿಗೆ ಗೊತ್ತು? ಮದುವೆಯ ದಿನ ಮಟಮಟ ಮಧ್ಯಾಹ್ನ, ಅಕ್ಷತೆ ಬಿದ್ದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ, ಬಿಳಿ ಧೋತರ, ಹೆಗಲ ಮೇಲೊಂದು ಶಾಲು, ಹಣೆಗೆ ಮೂರು ಪಟ್ಟೆ, ಕೈಯಲ್ಲಿ ಸೀರೆ ಅಂಗಡಿಯ ಮಿರುಗುವ ದೊಡ್ಡ ಚೀಲ, ಹೀಗೆ ವಿರೂಪಣ್ಣ ಮುಂಬಾಗಿಲಿನಿಂದಲೇ ಒಳಗೆ ಬರುತ್ತಿದ್ದ. ಅಂಥವನನ್ನು ಯಾರು ತಡೆಯುತ್ತಾರೆ? ಒಮ್ಮೆ ಯಾರೋ, “ಯಪ್ಪಾ, ಮುಯ್ಯಿ ಅಲ್ಲಿ ಮ್ಯಾಲ ತಗೊಳ್ಳಾಕತ್ಯಾರ ನೋಡ್ರಿ,” ಎಂದು ವೇದಿಕೆ ತೋರಿಸಿದರು. “ಇದು ಹಿಂದ ಕೊಡೂದು,” ಎಂದು ಹೇಳಿ ಹಿಂದಕ್ಕೆ ಹೋಗಿ ಡಬ್ಬಿಗೆ ಕೊಟ್ಟ.

ಬರಿಗೈಯಲ್ಲಿ ಹಾಗೇ ಹೋದರೆ ಸಂಶಯ ಬರುತ್ತದೆಂದು ಕೈತೊಳೆದು ಪಂಕ್ತಿಯಲ್ಲಿ ಕೂರುತ್ತಿದ್ದ. ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದೂ, ಹೆಣ್ಣಿನ ಕಡೆಯವರು ಗಂಡಿನ ಕಡೆಯವನೆಂದೂ ತಿಳಿದು, ಎರಡೂ ಕಡೆಯವರು ಒತ್ತಾಯ ಮಾಡಿ ಹೋಳಿಗೆ ಬಡಿಸುತ್ತಿದ್ದರು. ಕಸ ಹಾಕಲು ಹೋದವನಿಗೆ ಊಟ ಹಾಕಿ ಕಳಿಸುವ ಏರ್ಪಾಡು ಇಡೀ ಕರ್ನಾಟಕದಲ್ಲಿ ಇದೊಂದೇ ಇದ್ದೀತು. ಆ ಮದುವೆಯ ಕಾಲದಲ್ಲಿ ವಿರೂಪಣ್ಣನ ಅಂಗಡಿ ಹಗುರಾಯಿತು, ಹೊಟ್ಟೆ ಭಾರವಾಯಿತು.

ಒಂದು ಸೋಮವಾರ ಶರಣಮ್ಮನ ಫೋನು ಬಂತು. “ಹಾಲ್ ತನಾ ಬಂದು ಹೋಗ್ರಿ. ನಿಮ್ಮ ಕೂಡ ಮಾತಾಡೂದದ.”

ದಿನ ಗೊತ್ತಾಯಿತು ಎಂದೇ ವಿರೂಪಣ್ಣ ತಿಳಿದ. ಅಂಚಿರುವ ರೇಷ್ಮೆ ಶಾಲು ಹೊದ್ದು, ಹೆಂಡತಿಗೆ, “ಸಿಹಿ ಏನರ ಮಾಡಿಟ್ಟಿರು, ತಾಂಬೂಲದ ದಿನಾ ಹಿಡಕೊಂಡು ಬರ್ತೀನಿ,” ಎಂದು ಹೇಳಿ ಬೈಕು ಹತ್ತಿದ. ದಾರಿಯುದ್ದಕ್ಕೂ ಹಾಲ್‌ನ ಮುಂದೆ ಹಾಕಿಸಬೇಕಾದ ಹೊಸ ಬೋರ್ಡಿನಲ್ಲಿ ತನ್ನ ಹೆಸರು ಎಷ್ಟು ದಪ್ಪ ಇರಬೇಕೆಂದು ಯೋಚಿಸುತ್ತ ಹೋದ.

ಹಾಲ್‌ನ ಒಳಗೆ ಯಾರೂ ಇರಲಿಲ್ಲ. ಹಿಂದೆ, ಹಸಿರು ಡಬ್ಬಿಯ ಹತ್ತಿರ ಮೂವರು ನಿಂತಿದ್ದರು. ಶರಣಮ್ಮ, ಸೆರಗನ್ನು ಮೂಗಿಗೆ ಹಿಡಿದುಕೊಂಡು. ಕಾವಲುಗಾರ ಹುಲಗಪ್ಪ, ಕಸ ಕೆದರುವ ಕೋಲು ಹಿಡಿದುಕೊಂಡು. ಮೂರನೆಯವನು ಪಾಲಿಕೆಯ ಆರೋಗ್ಯ ನಿರೀಕ್ಷಕ, ಅಮರೇಶ ಎಂದು, ಕುರ್ಡಿ ಊರಿನವನು, ದಂಡದ ರಸೀದಿ ಪುಸ್ತಕ ಹಿಡಿದುಕೊಂಡು. ತಾನೊಬ್ಬ ಮಾತ್ರ ಏನೂ ಹಿಡಿದುಕೊಂಡಿಲ್ಲ ಎಂದು ಅನಿಸಿ ವಿರೂಪಣ್ಣ ಶಾಲಿನ ಅಂಚು ಹಿಡಿದ.

“ನೋಡ್ರಿ ಬೀಗರ,” ಎಂದಳು ಶರಣಮ್ಮ. ಬೀಗರ ಎಂದದ್ದು ಕಿವಿಗೆ ಹೋಳಿಗೆಯ ಹಾಗೆ ಬಿತ್ತು. “ಗೊಬ್ಬರಕ್ಕ ಒಯ್ದಿದ್ದ ನಮ್ಮ ಕಸಾ ವಾಪಸ್ ಬಂದದ. ಅನ್ನದಾಗ ಬರೇ ಪ್ಲಾಸ್ಟಿಕ್ಕು, ಕಾರ್ಡು. ನನಗ ದಂಡಾ ಹಾಕಾಕ ಬಂದಾರ ಇವರು. ನಾ ಹಾಕಿಲ್ರಿ ಅಂದೆ. ಯಾರು ಹಾಕ್ಯಾರ ತೋರ್ಸಿದ್ರ ಅವರಿಗೇ ಬರೀತೀನಿ ಅಂತಾರ. ಕಾರ್ಡಿನ ವಿಷಯ ನಿಮಗ ತಿಳೀತದ ಅಂತ ಕರೆಸೀನಿ.”

ವಿರೂಪಣ್ಣ ಡಬ್ಬಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಬಾಯಿ ಪಳಗಿದ್ದು. ಹಸಿ ಕಸ, ಒಣ ಕಸ ಬೇರೆ ಮಾಡಲು ಎಂದೂ ಕಲಿಯದವನಿಗೆ ಹಸಿ ಸುಳ್ಳು, ಒಣ ಜಂಬ ಎರಡನ್ನೂ ಬೆರೆಸಲು ಚೆನ್ನಾಗಿ ಬರುತ್ತಿತ್ತು.

“ಛೇ ಛೇ. ಏನು ಮಂದಿನೋ ಏನೋ,” ಎಂದು ಶುರುಮಾಡಿದ. “ಮಂದಿ ಮನಿ ಮುಂದ ಕಸಾ ಹಾಕೂದಂದ್ರ ಮಂದಿ ಎಡಿಯಾಗ ಮಣ್ಣು ಹಾಕಿದಂಗ. ಸಂಸ್ಕಾರ ಇಲ್ಲದೋರು. ಇಂಥವರಿಗಿ ಬರೇ ದಂಡಾ ಸಾಲಂಗಿಲ್ರಿ ಸಾಹೇಬ್ರ, ಆ ಕಸಾ ಅವರ ಕೈಲೇ ತಗಸಬೇಕು. ಆವಾಗ ಬುದ್ಧಿ ಬರ್ತದ.”

“ಹಂಗೇ ಮಾಡೂಣಂತ,” ಎಂದ ಅಮರೇಶ. ದನಿ ಸಣ್ಣದಾಗಿತ್ತು.

“ಮತ್ತ ಇದು ಕಾವಲಿದ್ದೋರ ಕಣ್ಣು ತಪ್ಪಿಸಿ ಆಗೂ ಕೆಲಸಲ್ಲ,” ಎಂದು ವಿರೂಪಣ್ಣ ಹುಲಗಪ್ಪನ ಕಡೆ ತಿರುಗಿದ. “ಯಾರಿಂದ ಏನು ತಗೊಂಡು ಬಿಟ್ಟೀಯಪಾ?”

ಹುಲಗಪ್ಪ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. “ನಾ ಮುಂದಿನ ಗೇಟಿನ್ಯಾಗ ಇರ್ತೀನ್ರಿ ಸಾವ್ಕಾರ್ರ. ಮದುವಿಗಿ ಬಂದೋರ ಚೀಲ ಬಿಚ್ಚಿ ನೋಡಂದ್ರ ನೋಡ್ತೀನಿ. ನಿಮ್ಮದರಿಂದನೇ ಸುರು ಮಾಡ್ತೀನಿ.”

ಶರಣಮ್ಮ ಇಬ್ಬರನ್ನೂ ನೋಡಿದಳು. ಅಮರೇಶ ಬಗ್ಗಿ, ಹೊರಗೆ ತೆಗೆದು ಗುಡ್ಡೆ ಮಾಡಿದ್ದರಿಂದ ಒಂದು ಪತ್ರಿಕೆ ಎತ್ತಿ ವಿರೂಪಣ್ಣನ ಮುಂದೆ ಹಿಡಿದ. ಸಾರಿನಲ್ಲಿ ನೆಂದು ಕೆಂಪಾಗಿತ್ತು. ಮೇಲ್ಭಾಗದ ಕಿಟಕಿಯೊಳಗಿಂದ ಅಮರೇಶನ ಒಂದು ಕಣ್ಣು ಕಾಣುತ್ತಿತ್ತು.

“ಇದು ಸಿಂಧನೂರಾಗ ಆದ ಮದುವಿ. ಇದು ಮಾನ್ವಿಯಾಗ ಆದದ್ದು. ಇದು ಮುಹೂರ್ತ ಬದಲಾಗಿದ್ದು. ಯಾವುದೂ ಈ ಹಾಲಿಂದಲ್ಲ. ಮದುವಿಗಿ ಬಂದೋರು ತಂದು ಒಗದಿದ್ದಲ್ಲ ಅಂತ ಆತು. ಎಲ್ಲದರದೂ ತಲಿ ಕತ್ತರಿಸ್ಯಾರ. ಇದೇನ್ರಿ ಇದು, ನಿಮಗ ತಿಳೀಬೇಕಲ್ಲ?”

“ಇಲಿ ಕೆಲಸ,” ಎಂದ ವಿರೂಪಣ್ಣ.

“ಸ್ಕೇಲ್ ಇಟಗೊಂಡು ಕಡಿತದೇನ್ರಿ ಇಲಿ?”

ಹುಲಗಪ್ಪ ಕೆಮ್ಮಿದ. ಕೆಮ್ಮು ನಗುವಿನ ಹಾಗೇ ಇತ್ತು.

“ದೇವರನ್ನ ಕತ್ತರಿಸಿ ತಗದಿಟ್ಟುಕೊಂಡಾರ,” ಎಂದಳು ಶರಣಮ್ಮ ನಿಧಾನವಾಗಿ. ವೀರಭದ್ರನ ಹೆಸರಿನ ಸಾಲಿನ ಮೇಲಿದ್ದ ತೂತಿನಲ್ಲಿ ಬೆರಳು ಆಡಿಸಿದಳು. “ಪಾಪಕ್ಕ ಅಂಜೋರೇ ಯಾರೋ ಮಾಡ್ಯಾರ. ದಂಡಕ್ಕ ಅಂಜದೋರು.”

ಇನ್ನು ನಿಂತರೆ ಸಂಬಂಧ ಕೊಚ್ಚಿಹೋಗುತ್ತದೆ ಎಂದು ವಿರೂಪಣ್ಣನಿಗೆ ಹೊಳೆಯಿತು. ಯಾರನ್ನಾದರೂ ಕೊಡಬೇಕು. ಕಾವಲುಗಾರ ನಡೆಯಲಿಲ್ಲ, ಇಲಿ ನಡೆಯಲಿಲ್ಲ. ಅವನ ಕೈಯಳತೆಯಲ್ಲಿ ಇನ್ನುಳಿದ ಬಡಪ್ರಾಣಿ ಒಂದೇ. ಅವನು ಹಣೆಗೆ ಕೈ ಬಡಿದುಕೊಂಡ, ಪಟ್ಟೆ ಅಳಿಸದ ಹಾಗೆ ಸ್ವಲ್ಪ ಮೇಲಕ್ಕೆ.

“ಅಯ್ಯೋ ಶಿವನ. ಈಗ ತಿಳೀತ್ರಿ. ಇದು ನಮ್ಮ ಅಂಗಡಿ ಕೆಲಸದಾಕಿ ದುರ್ಗಾನ ಕೆಲಸ. ಗಾಡಿಗಿ ಹಾಕು ಅಂತ ಕೊಟ್ಟರ ಸಿಕ್ಕಲ್ಲಿ ಒಗದು ಬರ್ತಾಳ. ದಂಡಾ ಆಕಿ ಹೆಸರಿಗೇ ಬರೀರಿ ಸಾಹೇಬ್ರ. ಬಡವಿ, ನಾನೇ ಕಟ್ತೀನಿ, ಪುಣ್ಯಾ ಬರ್ತದ.”

“ಆತು,” ಎಂದ ಅಮರೇಶ. “ಆಕಿಗಿ ಫೋನ್ ಹಚ್ರಿ. ಒಂದು ಮಾತು ಕೇಳಿ ಬರೀತೀನಿ.”

“ಆಕಿ ಫೋನ್ ಎತ್ತಂಗಿಲ್ರಿ.”

“ಹಚ್ರಿ,” ಎಂದಳು ಶರಣಮ್ಮ. “ಎಲ್ಲಾರಿಗೂ ಕೇಳಂಗ.”

ವಿರೂಪಣ್ಣ ಹಚ್ಚಿದ. ಎತ್ತದಿರಲಿ ಎಂದು ಬೇಡಿಕೊಳ್ಳುತ್ತ ಹಚ್ಚಿದ. ದುರ್ಗಾ ಮೊದಲ ರಿಂಗಿಗೇ ಎತ್ತಿದಳು.

“ಸಾವ್ಕಾರ್ರ, ಅಲ್ಲೇ ಹಾಲ್ ಕಡಿ ಅದೀರೇನ್ರಿ? ಇನ್ನೊಂದು ಚೀಲ ತುಂಬಿಟ್ಟೀನಿ, ಗುರುವಾರ ಮದುವಿಗಿ ಒಯ್ಯಬಹುದು. ಸೀರಿ ಚೀಲ ಹರದಾವು, ಬರೂ ಮುಂದ ಹೊಸಾದು ತರ್ರಿ. ಮೊನ್ನಿ ಮದುವ್ಯಾಗ ಊಟಕ್ಕ ಏನಿತ್ರಿ, ಹೋಳಿಗೀನೋ ಮಾದ್ಲೀನೋ?”

ಡಬ್ಬಿಯ ಮೇಲೆ ನೊಣಗಳ ಸಂಗೀತ ಕಚೇರಿ ನಡೆದಿತ್ತು. ವಿರೂಪಣ್ಣ ಫೋನನ್ನು ಬೇರೆ ಯಾರದೋ ಎಂಬಂತೆ ನೋಡಿದ.

ಅಮರೇಶ ಅದನ್ನು ಅವನ ಕೈಯಿಂದ ತೆಗೆದುಕೊಂಡ. “ದುರ್ಗಮ್ಮ, ನಾನು ಪಾಲಿಕಿಯಿಂದ ಮಾತಾಡಾಕತ್ತೀನಿ. ಅಂಜಬ್ಯಾಡ್ರಿ, ದಂಡಾ ನಿಮಗಲ್ಲ. ಒಂದೇ ಒಂದು ಕೇಳ್ತೀನಿ.” ಗುಡ್ಡೆಯ ಬದಿಯಲ್ಲಿ ಬೇರೆಯಾಗಿ ಇಟ್ಟಿದ್ದ ಒಂದು ಪತ್ರಿಕೆಯನ್ನು ಎತ್ತಿದ. ಅದಕ್ಕೆ ಕಿಟಕಿ ಇರಲಿಲ್ಲ. ನೆತ್ತಿಯಲ್ಲಿ ಬುದ್ಧ ಕುಳಿತಿದ್ದ, ಚಿನ್ನದ ಬಣ್ಣ ಹರಡಿ ಒಂದು ಕೆನ್ನೆಗೆ ಇಳಿದಿತ್ತು, ಇನ್ನೊಂದು ಕೆನ್ನೆಗೆ ಅನ್ನ ಅಂಟಿತ್ತು. “ಕುರ್ಡಿಯವರ ಕಾರ್ಡು, ನಾಗವೇಣಿ ಅಂತ ಹೆಸರದ. ಉಳಿದಿದ್ದೆಲ್ಲಾ ಕತ್ತರಿಸಿ, ಇದನ್ನ ಯಾಕ ಹಂಗೇ ಬಿಟ್ರಿ?”

ದುರ್ಗಾ ಹೇಳಿದಳು. “ಕತ್ತರಿ ಹಿಡ್ಕೊಂಡೇ ಕೇಳಿದ್ನಿರಿ ಸಾವ್ಕಾರ್ರನ್ನ. ಅದೇನು ದೇವರಲ್ಲ, ಹಂಗೇ ಹಾಕು ಅಂದ್ರು.”

ಅಮರೇಶ ಫೋನನ್ನು ವಾಪಸು ಕೊಟ್ಟ. “ನಾಗವೇಣಿ ನನ್ನ ತಂಗಿರಿ. ಕಾರ್ಡು ಕೆಟ್ಟಾವ, ಬ್ಯಾರೆ ಮಾಡಿಕೊಡ್ತೀನಿ ಅಂತ ನೀವೇ ಹೇಳಿದ್ರಿ. ಬ್ಯಾರೆ ಮಾಡಿದ್ರಿ, ಛಲೋನೂ ಇದ್ವು. ಕೆಟ್ಟವು ಎಲ್ಲಿ ಹೋದ್ವು ಅಂತ ಕೇಳೂ ಪ್ರಸಂಗ ಬಂದಿರಲಿಲ್ಲ.” ಪತ್ರಿಕೆಯ ಮೇಲಿನ ಅನ್ನದ ಅಗುಳನ್ನು ಹೆಬ್ಬೆರಳಿನಿಂದ ಒರೆಸಿದ. “ದೇವರಲ್ಲ ಅನ್ನೂದು ಖರೇನ. ಬುದ್ಧನ ಹಾದಿಯವರು ನಾವೂ ಹಂಗೇ ಅಂತೀವಿ. ಆದ್ರ ನೀವಂದಿದ್ದು ಅದಕ್ಕಲ್ಲ, ಕಾರ್ಡು ಯಾರದು ಅಂತ ನೋಡಿ.”

ವಿರೂಪಣ್ಣ ಶಾಲಿನ ಅಂಚು ಕೊಡವಿದ: “ಮಾತಿಗಿ ಅಂದಿರ್ತೀನ್ರಿ, ಮನಸ್ಸಿನ್ಯಾಗ ಇಟ್ಟು ಅಲ್ಲ.”

“ಅದೂ ಖರೇ,” ಎಂದ ಅಮರೇಶ. “ಮನಸ್ಸಿನ್ಯಾಗ ಇಟ್ಟಿದ್ರ ಡಬ್ಬಿಯಾಗ ಬೀಳ್ತಿರಲಿಲ್ಲ.” ರಸೀದಿ ಬರೆಯತೊಡಗಿದ. ಹೆಸರು ಕೇಳಲಿಲ್ಲ, ಆ ಹೆಸರು ಪ್ರತಿ ಪತ್ರಿಕೆಯ ಅಡಿಯಲ್ಲೂ ಅಚ್ಚಾಗಿತ್ತು, ವಿಳಾಸ ಮತ್ತು ಫೋನ್ ನಂಬರಿನ ಸಮೇತ. ದೇವರನ್ನು ಅಷ್ಟು ಜೋಪಾನವಾಗಿ ತೆಗೆಸಿದವನಿಗೆ ತನ್ನನ್ನು ತೆಗೆಸಿಕೊಳ್ಳಬೇಕೆಂದು ತೋಚಿರಲಿಲ್ಲ. ಅದು ಮರೆವಲ್ಲ, ಪ್ರೀತಿ. ತನ್ನ ಹೆಸರಿಗೆ ಕತ್ತರಿ ತಾಗಿಸಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ.

“ಶರಣಮ್ಮಾರ,” ಎಂದು ವಿರೂಪಣ್ಣ ಕಡೆಯ ದಾರಿ ಹಿಡಿದ. “ನಾವು ನಾವು ಬೀಗರು. ಇಂಥಾ ಸಣ್ಣ ಮಾತು ಮನ್ಯಾಗಿನ ಮಾತು.”

“ಯಾವ ಮನಿ?” ಎಂದಳು ಶರಣಮ್ಮ. ಸೆರಗನ್ನು ಮೂಗಿನಿಂದ ತೆಗೆದಿದ್ದಳು, ವಾಸನೆಗೆ ಹೊಂದಿಕೊಂಡವಳಂತೆ. “ನನ್ನ ಡಬ್ಬಿಯಾಗ ಕಸಾ ಹಾಕಿ, ನನ್ನ ಹಾಲಿನ್ಯಾಗ ಮಂದಿ ಅನ್ನಾ ಉಂಡು, ನನ್ನ ಮುಂದನೇ ನಿಂತು ಸಂಸ್ಕಾರ ಹೇಳಿದ್ರಿ. ಕಾವಲ ಇದ್ದವನ ಕೊರಳಿಗಿ ತಪ್ಪು ಕಟ್ಟಾಕ ನೋಡಿದ್ರಿ, ಆಮ್ಯಾಲ ಆ ಹುಡುಗಿ ಕೊರಳಿಗಿ. ನಾಳಿ ಮನ್ಯಾಗ ಒಂದು ಸೌಟು ಕಳದ್ರ ನನ್ನ ಮಗಳ ಕೊರಳಿಗಿ. ತಾಂಬೂಲದ ಮಾತು ಇಲ್ಲಿಗಿ ಸಾಕ್ರಿ. ಶಿವರಾಜಗ ಬ್ಯಾರೆ ಕಡಿ ನೋಡ್ರಿ.”

“ಹಿರಿಯರನ್ನ ಕೇಳಿ—”

“ನನ್ನ ಮನ್ಯಾಗ ಹಿರೇರು ನಾನ.”

ಅಮರೇಶ ರಸೀದಿ ಹರಿದು ಕೊಟ್ಟ. ಐದು ಸಾವಿರ. ವಿರೂಪಣ್ಣ ಜೇಬಿನಿಂದ ತೆಗೆದು ಕೊಟ್ಟು ಹೊರಡಲು ತಿರುಗಿದ. ಅಷ್ಟು ದಿನ ಕಟ್ಟಿದ ಲೆಕ್ಕಾಚಾರವೆಲ್ಲ ದಂಡ, ಅದರ ಮೇಲೆ ಇದೊಂದು ದಂಡ.

“ಕಸಾ?” ಎಂದ ಅಮರೇಶ. “ಹಾಕಿದೋರ ಕೈಲೇ ತಗಸಬೇಕು ಅಂತ ನೀವೇ ಅಂದ್ರಲ್ಲ. ಅಂದಿದ್ದು ಛಲೋ ಅನಿಸ್ತು ನನಗೂ. ಇನ್ನೂ ಒಳಗ ಭಾಳ ಅದ.”

ವಿರೂಪಣ್ಣ ಹುಲಗಪ್ಪನ ಕಡೆ ಕೈ ಚಾಚಿದ. “ಆ ಕೋಲು ಕೊಡಪಾ.”

“ಕೋಲು ಹಾಲ್‌ದ್ರಿ ಸಾವ್ಕಾರ್ರ,” ಎಂದ ಹುಲಗಪ್ಪ, ಬಹಳ ವಿನಯದಿಂದ. “ಹೊರಗಿನವರಿಗಿ ಕೊಡಾಕ ಬರಂಗಿಲ್ಲ.”

ರೇಷ್ಮೆ ಶಾಲನ್ನು ಬೈಕಿನ ಮೇಲೆ ಮಡಚಿಟ್ಟು, ಧೋತರ ಎತ್ತಿ ಕಟ್ಟಿ, ವಿರೂಪಣ್ಣ ಹಸಿರು ಡಬ್ಬಿಯೊಳಗೆ ಇಳಿದ. ಕೊಳೆತ ಅನ್ನ ಮೊಣಕಾಲಿನವರೆಗೆ ಬಂತು. ಚಿನ್ನದ ಪ್ಲಾಸ್ಟಿಕ್ಕು ಕೈಗೆ ಸುತ್ತಿಕೊಳ್ಳುತ್ತಿತ್ತು, ಕಾರ್ಡುಗಳು ಹಿಡಿದರೆ ಹಿಟ್ಟಾಗುತ್ತಿದ್ದವು. ಜಿಲ್ಲೆಯ ಅರ್ಧ ವಧೂವರರು ಅವನ ಉಗುರುಗಳಲ್ಲಿ ಸೇರಿಕೊಂಡರು. ಶರಣಮ್ಮ ನೋಡುತ್ತ ನಿಲ್ಲಲಿಲ್ಲ, ಒಳಗೆ ಹೋಗಿ ಯಾರದೋ ಸೀಮಂತಕ್ಕೆ ಹಾಲ್ ಬುಕ್ ಮಾಡಿಕೊಂಡಳು. ಅಮರೇಶನೂ ಹೊರಟ. ಹೋಗುವಾಗ ಆ ಒಂದು ಪತ್ರಿಕೆಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ಕರವಸ್ತ್ರದಲ್ಲಿ ಒತ್ತಿ, ಪುಸ್ತಕದೊಳಗೆ ಇಟ್ಟುಕೊಂಡ. ಹುಲಗಪ್ಪ ಮಾತ್ರ ಕುರ್ಚಿ ತಂದು ಹಾಕಿಕೊಂಡು ಕುಳಿತ. ನಡುನಡುವೆ, “ಆ ಮೂಲ್ಯಾಗ ಒಂದು ಉಳದದ ನೋಡ್ರಿ,” ಎನ್ನುತ್ತಿದ್ದ.

ಡಬ್ಬಿಯೊಳಗೆ ಬಗ್ಗಿಕೊಂಡೇ ವಿರೂಪಣ್ಣ ಯೋಚಿಸಿದ. ಪಶ್ಚಾತ್ತಾಪ ಪಡುತ್ತಿದ್ದನೆಂದು ಯಾರಾದರೂ ತಿಳಿದರೆ ಅವರು ಅವನನ್ನು ಬಲ್ಲವರಲ್ಲ. ಯೋಚಿಸಿದ್ದು, ಮನೆಗೆ ಹೋಗಿ ಇದನ್ನು ಹೇಗೆ ಹೇಳುವುದು ಎಂದು. ಎರಡನೆಯ ಚೀಲ ತುಂಬುವ ಹೊತ್ತಿಗೆ ಅದೂ ಹೊಂದಿಕೊಂಡಿತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಒಳಗೆ ಏಲಕ್ಕಿಯ ಪರಿಮಳ ಬರುತ್ತಿತ್ತು.

“ಏನಾತ್ರಿ? ದಿನಾ ಹೇಳಿದ್ರೇನು?”

“ಆ ಸಂಬಂಧ ನಮಗ ಬ್ಯಾಡ,” ಎಂದ ವಿರೂಪಣ್ಣ, ಚಪ್ಪಲಿ ಬಿಡುತ್ತ. “ನಾನೇ ಬ್ಯಾಡ ಅಂದು ಬಂದೆ. ನೋಡಿದ್ನೆಲ್ಲ ಕಣ್ಣಾರೆ. ಅವರ ಕಡಿ ಸ್ವಚ್ಛಾನೇ ಇಲ್ಲ.”

ಹೆಂಡತಿ ಹತ್ತಿರ ಬಂದಳು. ಧೋತರದ ಅಂಚು ನೋಡಿದಳು, ಉಗುರು ನೋಡಿದಳು, ಒಮ್ಮೆ ಮೂಸಿ ನೋಡಿದಳು. ಇಷ್ಟು ವರ್ಷ ಅವನ ಜೊತೆ ಸಂಸಾರ ಮಾಡಿದವಳು, ಏನು ಕೇಳಬಾರದೆಂದು ಚೆನ್ನಾಗಿ ಬಲ್ಲವಳು.

“ಸಾರಿನ ವಾಸನಿ ಬರಾಕತ್ತದ,” ಎಂದಳು. “ಊಟ ಅಲ್ಲೇ ಆತೇನು?”

“ಹೂಂ,” ಎಂದ ವಿರೂಪಣ್ಣ. “ಒತ್ತಾಯ ಮಾಡಿದ್ರು.”